ಹಿಮ ಬಿದ್ದ ಮೇಲೆ ಚಳಿ ಏಕೆ?

ಡಿಸೆಂಬರ್ ತಿಂಗಳು ಬಂದಿತೆಂದರೆ ಹವಾಮಾನ ವರದಿಗಳಲ್ಲಿ ಒಂದು ಬಗೆಯ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಇನ್ನೆರಡು ದಿನ ಕಾಶ್ಮೀರ, ಹಿಮಾಚಲ ಪ್ರದೇಶಗಳ ಬೆಟ್ಟಗಳಲ್ಲಿ ಹಿಮಪಾತ, ಆ ಅವಧಿಯಲ್ಲಿ ಉತ್ತರದ ಬಯಲಿನಲ್ಲಿ ರಾತ್ರಿಯ ಉಷ್ಣತೆ ಎರಡು ಮೂರು ಡಿಗ್ರಿ ಏರುವುದು, ಆಮೇಲೆ ಅದು ಇಳಿದು ಶೀತಗಾಳಿ ಬೀಸುವುದು. ಹಿಮವನ್ನು ಕಂಡರಿಯದ ನಮಗೆ ಇದು ವಿಚಿತ್ರವಾಗಿ ತೋರುತ್ತದೆ. ಹಿಮ ಬೀಳುವಾಗಲೇ ಚಳಿ ಹೆಚ್ಚಬೇಕಲ್ಲವೆ? ಅದು ಬಿದ್ದು ಮುಗಿದು, ಆಕಾಶ ತಿಳಿಯಾಗಿ, ಸೂರ್ಯನು ಕಾಣಿಸಿಕೊಂಡ ಮೇಲೆ ಚಳಿ ಬಲಿಯುವುದೇಕೆ? ಗಾಳಿ, ಹಿಮ, ಶೀತ ಎಂಬ ಮೂರು ಬೇರೆ ಬೇರೆ ಸಂಗತಿಗಳಲ್ಲ; ಒಂದೇ ಸರಪಣಿಯ ಮೂರು ಕೊಂಡಿಗಳು. ಇದನ್ನು ತಿಳಿದರೆ ಮೇಲಿನ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಗಾಳಿ

ನಮ್ಮ ಮುಂಗಾರು ಮಳೆಯನ್ನು ತರುವುದು ನೈಋತ್ಯದ ಮಾರುತ. ಆದರೆ ಪಶ್ಚಿಮ ಹಿಮಾಲಯದ ಚಳಿಗಾಲದ ಹಿಮ ಬರುವುದು ಪಶ್ಚಿಮದಿಂದ. ಚಳಿಗಾಲದಲ್ಲಿ ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒಂದು ಮಹಾನದಿಯು ಹಿಮಾಲಯದ ದಕ್ಷಿಣಕ್ಕೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತಿರುತ್ತದೆ. ಇದಕ್ಕೆ ಜೆಟ್ ಪ್ರವಾಹವೆಂದು ಹೆಸರು. ಇದರ ವೇಗವು ಅನೇಕ ವೇಳೆ ಗಂಟೆಗೆ 150 ಕಿಲೋಮೀಟರನ್ನು ಮೀರುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಹುಟ್ಟುವ ವಾಯುಭಾರ ಕುಸಿತಗಳು ಈ ಪ್ರವಾಹದಲ್ಲಿ ತೇಲಿ, ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ ನಮ್ಮ ದೇಶದ ವಾಯವ್ಯ ಮೂಲೆಯನ್ನು ತಲಪುತ್ತವೆ. ಇವನ್ನೇ ಹವಾಮಾನಶಾಸ್ತ್ರಜ್ಞರು ಪಶ್ಚಿಮ ಕ್ಷೋಭೆಗಳೆಂದು ಕರೆಯುತ್ತಾರೆ. ನಡುಚಳಿಗಾಲದಲ್ಲಿ ತಿಂಗಳಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಕ್ಷೋಭೆಗಳು ಬರುವುದುಂಟು. ಮೆಡಿಟರೇನಿಯನ್ ಸಮುದ್ರದ ತೇವಾಂಶದೊಡನೆ ಅರಬ್ಬೀ ಸಮುದ್ರದ ತೇವಾಂಶವೂ ಇವುಗಳನ್ನು ಸೇರಿಕೊಳ್ಳುತ್ತದೆ.

ಕ್ಷೋಭೆಯ ಮುಂಭಾಗದಲ್ಲಿ ದಕ್ಷಿಣ ದಿಕ್ಕಿನ ಬೆಚ್ಚನೆಯ ತೇವಗಾಳಿ ಬೀಸುತ್ತದೆ, ಮೋಡಗಳು ಕವಿಯುತ್ತವೆ. ರಾತ್ರಿ ನೆಲವು ಹೊರಸೂಸುವ ಶಾಖವನ್ನು ಮೋಡಗಳು ಹೀರಿ, ಅದರಲ್ಲಿ ಒಂದು ಪಾಲನ್ನು ನೆಲಕ್ಕೇ ಹಿಂದಿರುಗಿಸುತ್ತವೆ. ಕಂಬಳಿ ಹೊದ್ದವನಿಗೆ ಚಳಿ ಕಡಿಮೆಯಾದಂತೆ ಬಯಲಿನ ರಾತ್ರಿಯೂ ಬೆಚ್ಚಗಾಗುತ್ತದೆ. ಹಿಮಪಾತಕ್ಕೆ ಮುನ್ನ ಉಷ್ಣತೆ ಏರುವುದರ ಗುಟ್ಟು ಇಷ್ಟೇ.

ಹಿಮ

ಈ ತೇವಗಾಳಿಗೆ ಪೀರ್ ಪಂಜಾಲ್ ಮತ್ತು ಅದರಾಚೆಯ ಪರ್ವತಶ್ರೇಣಿಗಳು ಅಡ್ಡ ನಿಲ್ಲುತ್ತವೆ. ಗಾಳಿಯು ಮೇಲೇರಲೇಬೇಕು, ಮೇಲೇರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಒಣಗಾಳಿಯು ಒಂದು ಕಿಲೋಮೀಟರ್ ಏರುವಷ್ಟರಲ್ಲಿ ಸುಮಾರು 10 ಡಿಗ್ರಿ ಸೆಂಟಿಗ್ರೇಡಿನಷ್ಟು ತಣಿಯುತ್ತದೆ. ಆವಿಯು ಘನೀಭವಿಸತೊಡಗಿದ ಮೇಲೆ ಅದರ ಗುಪ್ತೋಷ್ಣವು ಬಿಡುಗಡೆಯಾಗುವುದರಿಂದ ತಣಿಯುವಿಕೆ ನಿಧಾನವಾಗುತ್ತದೆ. ಕೊನೆಗೆ ಆವಿಯು ಹಿಮದ ಹರಳುಗಳಾಗಿ ಇಳಿಯುತ್ತದೆ. ಸುಮಾರು 2,650 ಮೀಟರ್ ಎತ್ತರದ ಗುಲ್ಮರ್ಗದಲ್ಲಿ ಹಿಮವು ರಾಶಿಯಾಗಿ ಬೀಳುತ್ತದೆ. ಶ್ರೇಣಿಗಳ ಮರೆಯಲ್ಲಿರುವ ಲೇಹ್ ಪಟ್ಟಣಕ್ಕೆ ಮಳೆ, ಹಿಮ ಎಲ್ಲವೂ ಸೇರಿ ವರ್ಷಕ್ಕೆ ದೊರೆಯುವುದು ಸುಮಾರು 100 ಮಿಲಿಮೀಟರ್ ನೀರು ಮಾತ್ರ.

ಈ ಹಿಮವು ಬರಿಯ ನೋಟದ ವಸ್ತುವಲ್ಲ. ಅದು ಬೆಟ್ಟದಲ್ಲಿ ಕೂಡಿಟ್ಟ ನೀರು. ವಸಂತದಲ್ಲಿ ಕರಗಿ ಝೀಲಂ, ಚಿನಾಬ್, ಸಟ್ಲೆಜ್ ನದಿಗಳನ್ನು ತುಂಬುತ್ತದೆ. ಅದೇ ಕ್ಷೋಭೆ ಬಯಲಿನಲ್ಲಿ ಸುರಿಸುವ ತುಂತುರು ಮಳೆಯು ಪಂಜಾಬಿನ ಗೋಧಿಯ ಬೆಳೆಗೆ ಜೀವಾಧಾರ.

ಶೀತ

ಕ್ಷೋಭೆಯು ಪೂರ್ವಕ್ಕೆ ಸರಿದೊಡನೆ ಗಾಳಿ ದಿಕ್ಕು ಬದಲಿಸುತ್ತದೆ. ವಾಯವ್ಯದ ಒಣ ತಣ್ಣನೆಯ ಗಾಳಿ ಬೀಸತೊಡಗುತ್ತದೆ. ಮೋಡದ ಕಂಬಳಿ ಹರಿಯುತ್ತದೆ. ಹೊಸ ಹಿಮವು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ರಿಂದ 90 ಪಾಲನ್ನು ಹಿಂದಿರುಗಿಸಿಬಿಡುತ್ತದೆ. ರಾತ್ರಿಯಲ್ಲಾದರೋ ತನ್ನ ಶಾಖವನ್ನು ಧಾರಾಳವಾಗಿ ಆಕಾಶಕ್ಕೆ ಸೂಸುತ್ತದೆ. ಹಗಲಿನ ಗಳಿಕೆ ಕಡಿಮೆ, ರಾತ್ರಿಯ ವೆಚ್ಚ ಹೆಚ್ಚು. ತಣಿದ ಗಾಳಿಯು ಭಾರವಾಗಿ ಇಳಿಜಾರುಗಳಿಂದ ಜಾರಿ ಕಣಿವೆಗಳ ತಳದಲ್ಲಿ ನಿಲ್ಲುತ್ತದೆ. 2021ರ ಜನವರಿಯಲ್ಲಿ ಶ್ರೀನಗರದ ಉಷ್ಣತೆ ಸೊನ್ನೆಗಿಂತ 8 ಡಿಗ್ರಿಗೂ ಕೆಳಗಿಳಿದು ದಾಲ್ ಸರೋವರದ ಮೇಲ್ಮೈ ಹೆಪ್ಪುಗಟ್ಟಿತು. ಕಾಶ್ಮೀರದ ಜನರು ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಯ ಕಾಲಕ್ಕೆ ಚಿಲ್ಲಾಯಿ ಕಲಾನ್ ಎಂಬ ಹೆಸರನ್ನೇ ಇಟ್ಟಿದ್ದಾರೆ.

ಗಾಳಿಯು ಚಳಿಯ ಕಾಟವನ್ನು ಇನ್ನೂ ಹೆಚ್ಚಿಸುತ್ತದೆ. ನಮ್ಮ ಚರ್ಮಕ್ಕೆ ಅಂಟಿಕೊಂಡಿರುವ ಬೆಚ್ಚನೆಯ ಪದರವನ್ನು ಅದು ಒಯ್ದುಬಿಡುತ್ತದೆ. ಉಷ್ಣತೆ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದು ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ಬಯಲಾಗಿರುವ ಮುಖಕ್ಕೆ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿರುವಷ್ಟು ಚಳಿ ತಾಗುತ್ತದೆ.

ತಿಳಿಯಾದ ಆಕಾಶವನ್ನು ಕಂಡು ಅಪಾಯ ಕಳೆಯಿತೆಂದು ಭಾವಿಸುವುದು ಬೆಟ್ಟದಲ್ಲಿ ದೊಡ್ಡ ತಪ್ಪು. ಗಾಳಿಯು ಹೊಸ ಹಿಮವನ್ನು ಹೊತ್ತು ಮರೆಯ ಇಳಿಜಾರುಗಳಲ್ಲಿ ಪೇರಿಸಿರುತ್ತದೆ. ಹಳೆಯ ಪದರಕ್ಕೆ ಅದು ಇನ್ನೂ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ. 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ ಅಂತಹ ಪದರವು ಜಾರಿದರೆ ಹಿಮಕುಸಿತವಾಗುತ್ತದೆ. ಹಿಮಪಾತವು ನಿಂತ ಮರುದಿನಗಳಲ್ಲಿಯೂ ಎಚ್ಚರಿಕೆಗಳು ಮುಂದುವರಿಯುವುದು ಇದಕ್ಕಾಗಿಯೇ. ಬೆಟ್ಟದ ಹಿಮ ಎಷ್ಟು ನಿರ್ದಯವಾಗಬಲ್ಲದೆಂಬುದನ್ನು ನಮ್ಮ ನಾಡು ನೋವಿನಿಂದ ಕಲಿತಿದೆ. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ ಹಿಮರಾಶಿಯೊಂದು ಕುಸಿದು 10 ಮಂದಿ ಯೋಧರನ್ನು ಮುಚ್ಚಿತು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಬಳಿಕ ಜೀವಂತವಾಗಿ ದೊರೆತರೂ ಫೆಬ್ರವರಿ 11ರಂದು ತೀರಿಕೊಂಡರು. ಹಿಮಾಲಯದ ಹವೆಯು ನಮಗೆ ದೂರದ ಸುದ್ದಿಯಲ್ಲ.

ಮುನ್ನೋಟವನ್ನು ಓದುವ ಬಗೆ

ಎರಡು ಮೂರು ದಿನಗಳ ಮುನ್ಸೂಚನೆ ಬೇರೆ, ಇಡೀ ಋತುವಿನ ಮುನ್ನೋಟ ಬೇರೆ. ಮೊದಲನೆಯದು ಈಗಾಗಲೇ ಹುಟ್ಟಿ ಸಾಗಿಬರುತ್ತಿರುವ ಕ್ಷೋಭೆಯ ದಾರಿಯನ್ನು ಲೆಕ್ಕ ಹಾಕುತ್ತದೆ. ಎರಡನೆಯದಕ್ಕೆ ಇನ್ನೂ ಹುಟ್ಟದ ಕ್ಷೋಭೆಗಳ ವಿಷಯ ಹೇಳಬೇಕಾಗುತ್ತದೆ. ಆದುದರಿಂದ ಅದು ಸಂಭವನೀಯತೆಯ ಭಾಷೆಯಲ್ಲಿ ಮಾತನಾಡುತ್ತದೆ. ವಾಡಿಕೆಗಿಂತ ಹೆಚ್ಚು, ವಾಡಿಕೆಯಷ್ಟು, ವಾಡಿಕೆಗಿಂತ ಕಡಿಮೆ ಎಂಬ ಮೂರು ಸಮಪಾಲುಗಳಿಗೆ ಮೊದಲಲ್ಲಿ ತಲಾ ನೂರಕ್ಕೆ 33ರಷ್ಟು ಅವಕಾಶವಿದೆಯೆನ್ನೋಣ. ಸಾಗರಗಳ ಉಷ್ಣತೆ ಮುಂತಾದವು ಈ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುತ್ತವೆ. ಪೆಸಿಫಿಕ್ ಸಾಗರವು ಬೆಚ್ಚಗಾಗುವ ಎಲ್ ನಿನೋ ವರ್ಷಗಳಲ್ಲಿ ಪಶ್ಚಿಮ ಹಿಮಾಲಯಕ್ಕೆ ಹೆಚ್ಚು ಹಿಮ ಬೀಳುವ ಒಲವುಂಟು. ಆದರೆ ಒಲವು ನಿಶ್ಚಯವಲ್ಲ. 2023–24ರ ಚಳಿಗಾಲವು ಎಲ್ ನಿನೋ ಕಾಲವಾಗಿದ್ದರೂ ಗುಲ್ಮರ್ಗದ ಇಳಿಜಾರುಗಳು ಜನವರಿಯ ಬಹುಭಾಗ ಹಿಮವಿಲ್ಲದೆ ಬೋಳಾಗಿದ್ದವು. ತಿಂಗಳ ಕೊನೆಯಲ್ಲಿ ಹಿಮ ಬೀಳತೊಡಗಿತು. ಪ್ರಬಲ ಕ್ಷೋಭೆಗಳು ಬಾರದಿದ್ದುದೇ ಇದಕ್ಕೆ ಕಾರಣ.

ಇಂತಹ ಮುನ್ನೋಟದ ಪ್ರಯತ್ನ ಹೊಸದೇನಲ್ಲ. ಭಾರತದ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್ 1884ರಲ್ಲಿಯೇ ಹಿಮಾಲಯದ ಹಿಮಕ್ಕೂ ಮುಂದಿನ ಮುಂಗಾರಿಗೂ ಇರುವ ಸಂಬಂಧವನ್ನು ಸೂಚಿಸಿದ್ದನು.

ವಿದ್ಯಾರ್ಥಿಗಳು ಈ ಸರಪಣಿಯನ್ನು ತಾವೇ ಪರೀಕ್ಷಿಸಿ ನೋಡಬಹುದು. ಡಿಸೆಂಬರ್, ಜನವರಿಗಳಲ್ಲಿ ಶ್ರೀನಗರ, ದೆಹಲಿ, ಬೀದರುಗಳ ಕನಿಷ್ಠ ಉಷ್ಣತೆಯನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ಹಿಮಪಾತದ ವರದಿ ಬಂದ ದಿನಗಳಿಗೆ ಗುರುತು ಹಾಕಬೇಕು. ದೆಹಲಿಯ ಗೆರೆ ಮೊದಲು ಏರಿ ಆಮೇಲೆ ಇಳಿಯುವುದನ್ನು ಎಷ್ಟೋ ಸಲ ಕಾಣಬಹುದು. ಉತ್ತರದ ಒಣಗಾಳಿ ದಖ್ಖನಿನವರೆಗೂ ಮುಂದುವರಿದಾಗ ಬೀದರಿನ ಗೆರೆಯೂ ಅದನ್ನು ಹಿಂಬಾಲಿಸೀತು. ಮೆಡಿಟರೇನಿಯನ್ ತೀರದಲ್ಲಿ ಹುಟ್ಟಿದ ಒಂದು ಸುಳಿಯ ಹೆಜ್ಜೆಯ ಗುರುತನ್ನು ಆಗ ನಮ್ಮ ಕೈಬರಹದಲ್ಲಿಯೇ ನಾವು ಕಂಡಂತಾಗುವುದು.