ಫೋನಿನಲ್ಲಿರುವ ದಾಖಲೆಗಳ ಜತನ



2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದ ಮನೆ, ಅಂಗಡಿಗಳಿಗೆ ಮಳೆನೀರು ನುಗ್ಗಿತು. ಹೊನ್ನಾವರದ ಶರಾವತಿ, ಕುಮಟೆಯ ಅಘನಾಶಿನಿ ದಂಡೆಗಳಿಗೂ ನೆರೆ ಹೊಸತಲ್ಲ. ಪಹಣಿ ನೆನೆದರೆ ಚಿಂತೆಯಿಲ್ಲ. ಸರಕಾರದ ‘ಭೂಮಿ’ ಗಣಕದಲ್ಲಿರುವುದರಿಂದ ನಾಡಕಚೇರಿಯಲ್ಲಿ ಮತ್ತೆ ಸಿಗುತ್ತದೆ. ಆದರೆ ನೀವು ತೆಗೆದ ಬೆಳೆಹಾನಿಯ ಚಿತ್ರ, ಅಡಿಕೆ ಮಾರಿದ ಪಟ್ಟಿಯ ಚಿತ್ರ ಫೋನಿನಲ್ಲಷ್ಟೇ ಇದ್ದು, ಫೋನು ಕೆಟ್ಟರೆ, ಪರಿಹಾರ ಕೇಳಲು ಆಧಾರವೇ ಉಳಿಯದು.

ಆದ್ದರಿಂದ ಹೀಗೆ ಮಾಡಿರಿ:

1. ಜಮೀನು, ಬೆಳೆ, ಸಾಲ ಎಂದು ಮೂರು ಫೋಲ್ಡರ್ ಮಾಡಿರಿ.

2. ಪ್ರತಿ ಚಿತ್ರಕ್ಕೂ ವರ್ಷ, ತಿಂಗಳು, ಸರ್ವೆ ನಂಬರು, ವಿಷಯ ಸೇರಿಸಿ ಹೆಸರಿಡಿರಿ. ಉದಾಹರಣೆ: ‘2024-07 ಸರ್ವೆ 45 ಕೊಳೆರೋಗ’.

3. ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಪ್ರತಿ ಮಾಡಿ, ತೆರೆದು ನೋಡಿ, ಎತ್ತರದಲ್ಲಿರುವ ನೆಂಟರ ಮನೆಯಲ್ಲಿಡಿರಿ.

ಬೀಜದ ಮುಡಿ ಕಟ್ಟುವಾಗಿನ ಜತನ ಇದಕ್ಕೂ ಇರಲಿ.