ಅಂಗನವಾಡಿಗೆ ಹೊರಟ ಪುಟಾಣಿ



3 ವರ್ಷ ತುಂಬಿದ ಮಗು ಅಂಗನವಾಡಿಯಲ್ಲಿ ಮೊದಮೊದಲು ಅಳುವುದು ಸಹಜ. "ಪಾಪ, ಅಳ್ತದೆ" ಎಂದು ಬಿಡಿಸಿಬಿಟ್ಟರೆ ಅದನ್ನು ನೋಡಿಕೊಳ್ಳಲು ಅಕ್ಕನ ಶಾಲೆ ತಪ್ಪುತ್ತದೆ, ಇಲ್ಲವೇ ತಾಯಿಯ ಕೂಲಿ ತಪ್ಪುತ್ತದೆ. ಆದ್ದರಿಂದ:

1. ಮೊದಲ ದಿನಗಳಲ್ಲಿ ಸ್ವಲ್ಪ ಹೊತ್ತು ಜೊತೆಗೆ ಕುಳಿತುಕೊಳ್ಳಿರಿ. ದಿನೇ ದಿನೇ ಆ ಹೊತ್ತನ್ನು ಕಡಿಮೆ ಮಾಡಿರಿ.

2. ಕಣ್ಣು ತಪ್ಪಿಸಿ ಬರಬೇಡಿರಿ. ಮಗುವಿನ ನಂಬಿಕೆ ಹೋದರೆ ಮರುದಿನ ಸೆರಗು ಬಿಡುವುದಿಲ್ಲ.

3. ಮಗುವಿಗೆ ಗಡಿಯಾರ ತಿಳಿಯದು. "ಊಟ ಆದ ಮೇಲೆ ಬರ್ತೀನಿ" ಎಂದು ಹೇಳಿ, ತಪ್ಪದೆ ಹೋಗಿರಿ.

4. "ಹಟ ಮಾಡಿದ್ರೆ ಟೀಚರ್ ಹೊಡೀತಾರೆ" ಎಂದು ಹೆದರಿಸಬೇಡಿರಿ.

5. ವಾರಗಳು ಕಳೆದರೂ ಅಳು ನಿಲ್ಲದಿದ್ದರೆ ಕಾರ್ಯಕರ್ತೆಯೊಡನೆ ಮಾತನಾಡಿರಿ. ಕಿವಿನೋವೋ, ಯಾರದೋ ಭಯವೋ ಇರಬಹುದು.

ಚರ್ಚೆಗೆ: ನಮ್ಮ ಸಂಘದಲ್ಲಿ ಯಾರ ಮಗು ಹೊಸದಾಗಿ ಸೇರಿದೆ? ಆ ತಾಯಿ ಕೂಲಿಗೆ ಹೋದ ದಿನ ಮಗುವನ್ನು ಕರೆತರುವವರು ಯಾರು?