ಯಕೃತ್ತಿನ ಬಾಗಿಲು

ಪ್ರತಿಯೊಂದು ಜೀವಕೋಶವನ್ನೂ ತೆಳುವಾದ ಪೊರೆಯೊಂದು ಆವರಿಸಿರುತ್ತದೆ. ನಿರ್ದಿಷ್ಟ ವಸ್ತುಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು ಆ ಪೊರೆಯ ಮೇಲಿರುತ್ತವೆ. ಇವಕ್ಕೆ ಗ್ರಾಹಕಗಳೆಂದು ಹೆಸರು.

ಯಕೃತ್ತಿನ ಕೋಶಗಳ ಮೇಲೆ, ರಕ್ತದಲ್ಲಿರುವ ಪಿತ್ತಲವಣಗಳನ್ನು ಒಳಕ್ಕೆ ಸಾಗಿಸುವ ಪ್ರೋಟೀನೊಂದಿದೆ. ಹೆಪಟೈಟಿಸ್ ಬಿ ವೈರಸ್ಸು ಇದನ್ನೇ ತನ್ನ ಗ್ರಾಹಕವನ್ನಾಗಿ ಮಾಡಿಕೊಂಡು ಕೋಶವನ್ನು ಪ್ರವೇಶಿಸುತ್ತದೆ. ಈ ಸಂಗತಿಯನ್ನು 2012ರಲ್ಲಿ ಚೀನಾದ ವಿಜ್ಞಾನಿ ವೆನ್‌ಹುಯಿ ಲಿ ಹಾಗೂ ಅವರ ಸಂಗಡಿಗರು ಪ್ರಕಟಿಸಿದರು.

ಶೈಶವದಲ್ಲಿ ಹೊಕ್ಕ ವೈರಸ್ಸು ಬಹುಮಟ್ಟಿಗೆ ದೇಹದಲ್ಲೇ ನೆಲೆಸಿಬಿಡುತ್ತದೆ. ಸೋಂಕಿತ ಕೋಶಗಳು ಸಾಯುತ್ತವೆ. ಅವುಗಳ ಸ್ಥಾನದಲ್ಲಿ ಹೊಸವು ಹುಟ್ಟುತ್ತವೆ. ವರ್ಷಗಟ್ಟಲೆ ಹೀಗೆ ನಡೆದಾಗ ಕೋಶಗಳ ವಂಶವಾಹಿಗಳಲ್ಲಿ ದೋಷಗಳು ಕೂಡುತ್ತ ಹೋಗಿ, ಕೆಲವರಲ್ಲಿ ಕ್ಯಾನ್ಸರ್ ತಲೆದೋರುತ್ತದೆ.

ಪಿತ್ತಲವಣಗಳ ಸಾಗಾಣಿಕೆಗೆ ಈ ಬಾಗಿಲು ಬೇಕು. ಆದುದರಿಂದ ಬಾಗಿಲನ್ನು ಮುಚ್ಚುವುದಕ್ಕಿಂತ ವೈರಸ್ಸನ್ನು ಹೊರಗೇ ತಡೆಯುವುದು ಲೇಸು. ಲಸಿಕೆ ಮಾಡುವ ಕಾರ್ಯ ಇದೇ. ಲಸಿಕೆಯಿಂದ ಉತ್ಪತ್ತಿಯಾದ ಪ್ರತಿಕಾಯಗಳು ವೈರಸ್ಸಿಗೆ ಅಂಟಿಕೊಂಡು, ಅದು ಗ್ರಾಹಕವನ್ನು ಮುಟ್ಟದಂತೆ ಮಾಡುತ್ತವೆ. ತೈವಾನಿನಲ್ಲಿ 1984ರಲ್ಲಿ ಶಿಶುಗಳಿಗೆ ಈ ಲಸಿಕೆ ಹಾಕಲು ಆರಂಭಿಸಿದರು. ಮುಂದಿನ ವರ್ಷಗಳಲ್ಲಿ ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು. ಹುಟ್ಟಿದ 24 ಗಂಟೆಗಳೊಳಗೆ ಮಗುವಿಗೆ ಕೊಡುವ ಒಂದು ಚುಚ್ಚುಮದ್ದು, ಮುಂದೆಂದೋ ಬರಬಹುದಾದ ಮಹಾವ್ಯಾಧಿಯನ್ನು ಬಾಗಿಲಿನ ಆಚೆಗೇ ನಿಲ್ಲಿಸಬಲ್ಲದು.